ಬಗಲಿಗಿರಲಿ ಗೆರಿ

ನಮ್ಮವ್ವನ ಚುರುಮುರಿ ಭಟ್ಟಿ, ಗೈಬುಸಾಬನ ಪೈಪಿನ ಶೆಡ್ಡು,
ನಡುವ ಒಂದ ಗ್ವಾಡಿ. ಬೆಟಗೇರಿ.
ಅಕ್ಕಿ ಅರಳಿಸಿ ಅರಳಿಸಿ ಕರ್ರಗಾದ ಉಸುಕು
ಅವ್ವ ಹೊರಗ ಚೆಲ್ಲತಿದ್ದಳು, ಆತ ಬೇಡಿ ಒಯ್ಯತಿದ್ದ.
ಪುಟ್ಟಿಗೊಂದು ಚಾ.
ಹೊರಾಕಿ ನಾನು, ಫಕ್ಕೀರವ್ವ,
ಸಾಲಿ ಬಿಟ್ಟು ಎರಡು ತಿಂಗಳಾಗಿತ್ತು.

ಪೈಪು ಟೊಳ್ಳು ಅಂತ ಗೊತ್ತಿತ್ತು.
ಟೊಳ್ಳಾದ್ದನ್ನ ಬಗ್ಗಿಸಿದರ ಏನಾಗತೈತಿ ಅಂತ ಗೊತ್ತಿರಲಿಲ್ಲ.
ಕದ್ದು ಒಂದು ತೆಳ್ಳನ ತುಂಡು
ಮೊಣಕಾಲಿಗೆ ಆನಿಸಿ ಎಳದೆ.
ಹಲ್ಲು ಬಿದ್ದ ಮುದುಕಿ ಗಲ್ಲದಂಗ
ನಡುವ ಒಳಗ ಹೋತು.
ಗೈಬುಸಾಬ ಬೈಲಿಲ್ಲ. ಆ ತುಂಡು ಮೊಳಿಗೆ ತೂಗಹಾಕಿದ,
ದಿನಾ ನನ್ನ ಕಣ್ಣಿಗೆ ಬೀಳೋ ಹಂಗ.

ಆಮ್ಯಾಲ ಕಲಿಸಿದ.
ಒಂದು ಬಾಯಿಗೆ ಜಾಲಿ ಗೂಟ ಜಡಿ.
ಇನ್ನೊಂದರಾಗ ಉಸುಕು ಸುರಿ, ಬೊಗಸಿ ಬೊಗಸಿ,
ಸುರದಂಗ ಸುತ್ತಿಗಿಲೆ ತಟಗೋತ ಬಾ.
ಠಣ್ ಅಂದ್ರ ಇನ್ನೂ ಹಸಿವೈತಿ ಅದಕ್ಕ,
ದಪ್ ಅಂದ್ರ ಊಟಾತು.
ಸಂದು ಬಿಟ್ಟಿ ಅಂದ್ರ ಅಲ್ಲೇ ಕುಸೀತೈತಿ, ಮಗಳ,
ಕಬ್ಬಣ ನಮ್ಮಂಗಲ್ಲ,
ಖಾಲಿ ಜಾಗಾ ಮುಚ್ಚಿಡಾಕ ಬರಂಗಿಲ್ಲ ಅದಕ್ಕ.

ಬೆಸುಗಿ ಗೆರಿ ಹುಡುಕು.
ಹೊಟ್ಟಿ ಕಡೆ ಇಟ್ಟರ ಸುಕ್ಕು ಬೀಳತೈತಿ,
ಬೆನ್ನಿನ ಕಡೆ ಇಟ್ಟರ ಸೀಳತೈತಿ.
ಬಗಲಿಗಿರಲಿ ಗೆರಿ.
ಇಷ್ಟಂದು ಬೀಡಿ ಹಚ್ಚತಿದ್ದ.

ಒಂದು ಮಳಿಗಾಲ ಅವ್ವನ ಉಸುಕು ನೆಂದಿತ್ತು.
ಒಣಗೇತಿ ಅಂತ ಸುಳ್ಳು ಹೇಳಿದೆ, ಚಾದ ಆಸೆಗೆ.
ಕುಲುಮಿಯೊಳಗ ಪೈಪು ಕೆಂಪಾಗೋ ಮೊದಲ
ಹಸಿ ಉಗಿಯಾಗಿ ಗೂಟ ಹಾರಿತು,
ಗುಂಡು ಹಾರಿಸಿದಂಗ ಸಪ್ಪಳ.
ಗೈಬುಸಾಬನ ಟೊಪಗಿ ಇತ್ತು, ತಲಿ ಇತ್ತು,
ಮ್ಯಾಲಿನ ತಗಡಿನಾಗ ರೂಪಾಯಿ ಅಗಲ ತೂತು.

ಆ ತೂತು ಆತ ಮುಚ್ಚಲೇ ಇಲ್ಲ.
ಅದರಿಂದ ಬಿಸಿಲಿನ ಬಿಲ್ಲಿ ಒಂದು ನೆಲಕ್ಕ ಇಳೀತಿತ್ತು.
ತಿದಿ ದಾಟಿ, ಅಡಿಗಲ್ಲು ದಾಟಿ,
ಹಳೇ ಲಾರಿ ಡ್ರಮ್ಮಿಗೆ ಮುಟ್ಟಿದರ
ಹನ್ನೊಂದು ಗಂಟೆ, ಚಾ. ಚಳಿಗಾಲದಾಗ ಸ್ವಲ್ಪ ತಡ.
ಸುಳ್ಳಿನ ಗಡಿಯಾರ ಅಂತಿದ್ದ ಗಿರಾಕಿಗಳ ಮುಂದ.
ಯಾರ ಸುಳ್ಳು ಅಂತ ಹೇಳತಿರಲಿಲ್ಲ.

ಕಲ್ಲಿನಾಥ ಮಾಸ್ತರಿಗೆ ಕಣ್ಣಿಲ್ಲ. ತಬಲಾ ಕಲಿಸತಾರ
ಮಾಳಗಿ ಮ್ಯಾಲಿನ ಖೋಲಿಯೊಳಗ.
ಹದಿನೇಳು ಮೆಟ್ಟಲಾ, ನಡುವ ತಿರುವು.
ಕೈಹಿಡಿ ಬೇಕು ಅಂದರು, ಒಂದ ಪೈಪಿಂದು, ಜೋಡಣಿ ಇರಬಾರದು.
ಗೈಬುಸಾಬನ ಕೈ ಆಗಲೇ ನಡಗತಿದ್ವು.
ನೀನ ಎಳಿ ಅಂದ.

ಕೆಂಪು, ಆಮ್ಯಾಲ ಕಿತ್ತಳಿ.
ಡ್ರಮ್ಮಿಗೆ ಆನಿಸಿ ಎಳದೆ,
ಎಮ್ಮಿಕರಾ ಹಗ್ಗ ಹಿಡದು ನಡಸಿದಂಗ,
ಅದು ನಿಂತಲ್ಲಿ ನಿಂತು.
ಬೆನ್ನು ಭಾಳ ಹಿಗ್ಗಿದಲ್ಲಿ ತಂಬಿಗಿ ನೀರು.
ಅರ್ಧಕ್ಕ ಬಂದಾಗ ಆತ ಅಂದದ್ದು ಒಂದ ಮಾತು:
ತಡಿ.
ನಾ ತಡೀಲಿಲ್ಲ.

ಮಾಸ್ತರು ಕೆಳಗಿಂದ ಮ್ಯಾಲಕ ಬೆರಳಾಡಿಸಿದರು.
ಹನ್ನೊಂದನೇ ಮೆಟ್ಟಲಾಕ ನಿಂತರು.
ಅಲ್ಲಿ ಕೂದಲೆಳಿಯಷ್ಟು ಚಪ್ಪಟಿತ್ತು, ನನಗ ಗೊತ್ತಿತ್ತು,
ಅಲ್ಲಿ ಎರಡು ಸಲ ಬಣ್ಣ ಬಳದಿದ್ದೆ.
ಇಲ್ಲಿ ಯಾಕ ಲಯ ಓಡಿಸಿದಿ? ಅಂದರು.
ಉಗುರಿಲೆ ಎರಡು ಪೆಟ್ಟು ಹೊಡದರು, ಕಿವಿ ಹಚ್ಚಿದರು.
ಒಳಗ ಯಾರೋ ಅದಾರಲ್ಲ?

ಉಸುಕು. ಜಾಡಿಸಿದ್ದೆ, ಬಡದಿದ್ದೆ,
ಆದರೂ ತಿರುವಿನಾಗ ಒಂದು ಮುಷ್ಟಿ ಉಳಕೊಂಡಿತ್ತು.
ಬಿಚ್ಚಿ ತಗೀತೀನಿ ಅಂದೆ.
ಇರಲಿ ಬಿಡು, ಅಂದರು,
ಹುಡುಗರು ತಾಲೀಮು ಬಿಟ್ಟು ಓಡಿ ಇಳದರ
ಕೇಳತೈತಿ ನನಗ.

ಈಗ ಶೆಡ್ಡು ನಂದು. ಹೈಡ್ರಾಲಿಕ್ ಮಷೀನು ಬಂದೈತಿ,
ಹಿಡಿಕಿ ಒತ್ತಿದರ ಬಾಗತೈತಿ, ಉಸುಕು ಬೇಡಂಗಿಲ್ಲ.
ಗೆರಿ ಎಲ್ಲೈತಿ ಅಂತ ಮಷೀನಿಗೆ ಕಾಣಂಗಿಲ್ಲ,
ನಾನ ನೋಡತೀನಿ.
ಮೊನ್ನೆ ಗುಜರಿಯಂವ ಬಂದು ಮೊಳಿ ಮ್ಯಾಲಿನ ತುಂಡು ಕೇಳಿದ,
ಕಿಲೋಕ್ಕ ಮೂವತ್ತು.
ಅದು ಮಾರಾಟಕ್ಕಿಲ್ಲ ಅಂದೆ.
ಸುಟ್ಟುಹೋದದ್ದಕ್ಕ ಇಷ್ಟ್ಯಾಕ ಕಟಿಪಿಟಿ, ಅಂದ.
ಬಿಲ್ಲಿ ಡ್ರಮ್ಮಿಗೆ ಮುಟ್ಟಿತ್ತು.
ಕುಂಡ್ರು, ಚಾ ಕುಡುದು ಹೋಗು, ಅಂದೆ.